ವೇದಿಕೆಗೆ ಹತ್ತಿರದ ಟಿಕೆಟ್ಟು

ಅವರೆಕಾಳು ಹಿದುಕುವ ಕೆಲಸಕ್ಕೆ ಬೆರಳು ಸಾಕು, ಬಾಯಿ ಬಿಡುವಾಗಿರುತ್ತದೆ. ನಮ್ಮ ಶಿಡ್ಲಘಟ್ಟದ ಕಡೆ ಚಳಿಗಾಲದ ಮನೆಯ ಮಾತುಕತೆಗಳೆಲ್ಲ ಹುಟ್ಟುವುದು ಆ ಸಿಪ್ಪೆಯ ರಾಶಿಯ ಸುತ್ತಲೇ. ಕಳೆದ ಚಳಿಯಲ್ಲಿ ಒಂದು ಭಾನುವಾರ ಅಮ್ಮನ ಎದುರು ಹಾಗೆ ಕೂತಿದ್ದಾಗ, ಬೆಂಗಳೂರಿನಲ್ಲಿ ನಡೆಯುವ ಒಬ್ಬ ಗಾಯಕಿಯ ಹಾಡಿನ ಕಾರ್ಯಕ್ರಮಕ್ಕೆ ಎರಡು ಟಿಕೆಟ್ಟು ತೆಗೆದುಕೊಂಡೆನೆಂದೂ, ಅದಕ್ಕೆ ನನ್ನ ಅರ್ಧ ತಿಂಗಳ ಸಂಬಳ ಹೋಯಿತೆಂದೂ ಹೇಳಿಬಿಟ್ಟೆ. ಅಮ್ಮನ ಬೆರಳಿನಿಂದ ಕಾಳೊಂದು ಚಿಮ್ಮಿ ಹೊಸಿಲು ದಾಟಿತು.

"ಓರಿ ದೇವುಡಾ! ಅಷ್ಟು ದುಡ್ಡಿಗೆ ಆಯಮ್ಮ ನಮ್ಮನೆಗೇ ಬಂದು ಹಾಡ್ತಾಳೇನಮ್ಮ?"

"ಇಲ್ಲಮ್ಮ, ನಾವೇ ಹೋಗ್ಬೇಕು."

"ಊಟನಾದ್ರೂ ಹಾಕ್ತಾರಾ?"

"ಇಲ್ಲ. ನೀರೂ ನಾವೇ ಕೊಂಡ್ಕೋಬೇಕು."

"ಇದಕ್ಕೇನಮ್ಮ ನಿನ್ನ ಓದಿಸಿದ್ದು?"

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ; ಬೆಳಿಗ್ಗೆ ಹಿಪ್ಪುನೇರಳೆ ಸೊಪ್ಪು ಕೊಯ್ದುಕೊಟ್ಟು, ಕೈಗೆ ಹತ್ತಿದ ಅದರ ಹಾಲಿನ ಅಂಟನ್ನು ಬಸ್ಸಿನಲ್ಲಿ ಉಜ್ಜಿಕೊಳ್ಳುತ್ತ ಚಿಂತಾಮಣಿಯ ಕಾಲೇಜಿಗೆ ಹೋಗಿ ಬಂದವಳು ನಾನು. ಈಗ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ನನ್ನ ದುಡ್ಡು, ನನ್ನ ಇಷ್ಟ ಎಂದು ಅಮ್ಮನಿಗೆ ಹೇಳಬಹುದಿತ್ತು. ಆದರೆ ಆ ಟಿಕೆಟ್ಟು ನನ್ನ ಇಷ್ಟಕ್ಕಾಗಿ ಕೊಂಡದ್ದೇ ಅಲ್ಲ, ನಸೀಮಾಳ ಕಿವಿಗಾಗಿ ಕೊಂಡದ್ದು.

ನಸೀಮಾ ನನ್ನ ಚಿಕ್ಕಂದಿನ ಗೆಳತಿ, ಕಾಲೇಜಿನ ಬಸ್ಸಿನಲ್ಲೂ ಜೊತೆ. ಒಂದೇ ಇಯರ್‌ಫೋನನ್ನು ಕಿವಿಗೊಂದರಂತೆ ಹಂಚಿಕೊಂಡು ನಾವು ಈ ಗಾಯಕಿಯ ಗಜಲುಗಳನ್ನು ಆ ದಾರಿಯುದ್ದಕ್ಕೂ ಕೇಳುತ್ತಿದ್ದೆವು; ಉರ್ದು ಪದಗಳಿಗೆ ಅವಳು ನನಗೆ ಅರ್ಥ ಹೇಳುತ್ತಿದ್ದಳು. ಓದು ಅರ್ಧಕ್ಕೆ ಬಿಟ್ಟು ಅವಳು ಮನೆಯವರ ಕಾರ್ಖಾನೆಗೆ ಇಳಿದಳು, ರೇಷ್ಮೆ ನೂಲಿಗೆ ಹುರಿ ಹಾಕುವ ಯಂತ್ರಗಳ ನಡುವೆ. ಒಳಗೆ ನಿಂತರೆ ಎದುರಿಗಿದ್ದವರ ಮಾತೂ ಕೇಳಿಸದಷ್ಟು ಸದ್ದು. ವರ್ಷಗಟ್ಟಲೆ ಆ ಸದ್ದು ಅವಳ ಕಿವಿಯನ್ನು ಒಳಗೊಳಗೇ ತಿಂದಿತು. ಕಿವಿಗೆ ಮೆಷಿನ್ನು ಬಂತು. ಇನ್ನು ಸ್ವಲ್ಪ ಕಾಲಕ್ಕೆ ಮೆಷಿನ್ನಿನಿಂದಲೂ ಹೆಚ್ಚು ಉಪಯೋಗವಿರುವುದಿಲ್ಲ ಎಂದು ಚಿಕ್ಕಬಳ್ಳಾಪುರದ ಡಾಕ್ಟರು ಹೇಳಿದ ದಿನ ಅವಳು ಅಳಲಿಲ್ಲ. "ಆಯಮ್ಮನ ಹಾಡು ಒಂದ್ಸಲ ಎದುರಿಗೆ ಕೂತು ಕೇಳಿಬಿಟ್ಟಿದ್ರೆ ಸಾಕಾಗಿತ್ತು ಕಣೇ ಮಂಜು," ಅಂದಳು, ಅಷ್ಟೇ.

ಟಿಕೆಟ್ಟು ಬಿಟ್ಟ ದಿನ ಮೊಬೈಲಿನಲ್ಲಿ ಸರತಿ ನಿಂತೆ. ಬೆಳ್ಳಿ, ಚಿನ್ನ, ವಜ್ರ ಎಂದು ಹೆಸರಿಟ್ಟು ಒಂದು ಬಯಲನ್ನೇ ಒಡವೆ ಅಂಗಡಿ ಮಾಡಿಟ್ಟಿದ್ದರು. ಬೆಳ್ಳಿ ಹಿಂದೆ, ವಜ್ರ ವೇದಿಕೆಯ ಕಾಲಡಿಗೆ. ಜನ ಮುಗಿಬಿದ್ದು ಕೊಳ್ಳುತ್ತಿದ್ದರು. ಯೋಚಿಸಿ ನೋಡಿ: ಅದೇ ಕಂಠ, ಅದೇ ಹಾಡು, ನಮ್ಮ ಜೇಬಿನ ಮೊಬೈಲಿನಲ್ಲಿ ಪುಕ್ಕಟೆಯಾಗಿ ಬಿದ್ದಿರುತ್ತದೆ. ಹಾಗಾದರೆ ಇಷ್ಟೊಂದು ಕೊಟ್ಟು ನಾವು ಕೊಳ್ಳುವುದೇನನ್ನು? ಹಾಡನ್ನಲ್ಲ, ಸಾಮೀಪ್ಯವನ್ನು. ಆ ಉಸಿರು ಹುಟ್ಟುವ ಜಾಗದಲ್ಲಿ ನಾನೂ ಇದ್ದೆ ಎಂಬುದೊಂದನ್ನು. ಅದಕ್ಕೆ ಇಂತಿಷ್ಟೇ ಬೆಲೆ ಎಂದು ಹೇಳುವವರು ಯಾರು? ನಮ್ಮೂರ ಮಾರುಕಟ್ಟೆಯಲ್ಲಿ ರೇಷ್ಮೆಗೂಡನ್ನು ಕೈಯಲ್ಲಿ ಹಿಡಿದು, ಕಿವಿಯ ಹತ್ತಿರ ಅಲ್ಲಾಡಿಸಿ ನೋಡದೆ ಯಾರೂ ಬೆಲೆ ಕೂಗುವುದಿಲ್ಲ. ಇಲ್ಲಿ ಮುಟ್ಟದೆ, ನೋಡದೆ, ಪ್ರೀತಿಯೊಂದನ್ನೇ ನಂಬಿ ದುಡ್ಡು ಸುರಿಯುತ್ತೇವೆ.

ವಜ್ರವನ್ನೇ ಒತ್ತಿದೆ. ಅದಕ್ಕೆ ನನ್ನ ಹಳೆಯ ಲೆಕ್ಕಾಚಾರವೊಂದು ಕಾರಣ. ಚಿಕ್ಕಂದಿನಲ್ಲಿ ನಸೀಮಾಳ ಅಬ್ಬ ನಮ್ಮಿಬ್ಬರನ್ನೂ ಮುರುಗಮಲ್ಲದ ದರ್ಗಾಕ್ಕೆ ಕವ್ವಾಲಿ ಕೇಳಿಸಲು ಕರೆದೊಯ್ಯುತ್ತಿದ್ದರು. ಅಲ್ಲಿ ಟಿಕೆಟ್ಟಿಲ್ಲ. ಒಂದು ಸಾಲು ಮನಸ್ಸಿಗೆ ತಾಕಿದವರು ಎದ್ದು, ಮೊದಲು ಹಿರಿಯರ ಮುಂದೆ ಬಾಗಿ, ಆಮೇಲೆ ಹಾಡುವವರ ಮುಂದೆ ನೋಟು ಇಡುತ್ತಿದ್ದರು. ಆಗ ಹಾಡುವವರು ಅದೇ ಸಾಲನ್ನು ಮತ್ತೆ ಮತ್ತೆ ಎತ್ತುತ್ತಿದ್ದರು. ನೋಟಿಟ್ಟವರು ಒಬ್ಬರು, ಕೇಳಿದವರು ಎಲ್ಲರೂ. ಜಮಖಾನದ ಮುಂದಿನ ಅಂಚಿನಲ್ಲಿ ಜಾಗ ಸಿಕ್ಕ ದಿನ ನಮಗೆ ಹಬ್ಬ. ಹತ್ತಿರ ಕೂತಷ್ಟೂ ಚೆನ್ನಾಗಿ ಕೇಳಿಸುತ್ತದೆ, ಹತ್ತಿರ ಕೂರಿಸುವುದೇ ಮರ್ಯಾದೆ — ಇದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಕಿವಿ ಮಂದವಾದ ಗೆಳತಿಯನ್ನು ಇನ್ನೆಲ್ಲಿ ಕೂರಿಸಲಿ?

ಕಾರ್ಯಕ್ರಮದ ಸಂಜೆ ಆ ಗಾಯಕಿ ನಮ್ಮಿಂದ ಹತ್ತೇ ಹೆಜ್ಜೆಯಲ್ಲಿ ನಿಂತಳು. ಅವಳ ಮೂಗುತಿ ಕಾಣುತ್ತಿತ್ತು. ಆದರೆ ನಮ್ಮ ತಲೆಯ ಮೇಲೇ ಕಪ್ಪು ಸ್ಪೀಕರ್ ಪೆಟ್ಟಿಗೆಗಳ ಗೋಪುರ. ಅದರಿಂದ ಹೊರಟ ಸದ್ದು ಎದೆಗೂಡಿಗೆ ಗುದ್ದುತ್ತಿತ್ತು. ನಸೀಮಾ ಮುಖ ಕಿವುಚಿಕೊಂಡು ದುಪಟ್ಟಾದೊಳಗೆ ಕೈ ತೂರಿಸಿದಳು. ಮೆಷಿನ್ನು ಸರಿಮಾಡಿಕೊಳ್ಳುತ್ತಿದ್ದಾಳೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ, "ನೀರು ಕುಡ್ಕೊಂಡು ಬರ್ತೀನಿ," ಎಂದು ಎದ್ದು ಹೋದಳು.

ಒಂದು ಹಾಡು ಮುಗಿಯಿತು, ಬರಲಿಲ್ಲ. ಇನ್ನೊಂದು ಮುಗಿಯಿತು. ನನ್ನ ಪಕ್ಕದ ಖಾಲಿ ಕುರ್ಚಿಯನ್ನು ನೋಡಿದಂತೆಲ್ಲ ಅದರ ಬೆಲೆ ನೆನಪಾಗುತ್ತಿತ್ತು. ಹುಡುಕಿಕೊಂಡು ಹೋದೆ. ಬಯಲಿನ ಕೊನೆಯಲ್ಲಿ, ಬೆಳ್ಳಿಯವರಿಗೂ ಹಿಂದೆ, ನೀರು ಮಾರುವ ಮೇಜಿನ ಪಕ್ಕದ ಕಂಬಕ್ಕೆ ಒರಗಿ, ಕಣ್ಣು ಮುಚ್ಚಿ ನಿಂತಿದ್ದಳು. ಸುಸ್ತಾಗಿದೆ ಎಂದುಕೊಂಡೆ. ಆ ಹೊತ್ತಿಗೇ ವೇದಿಕೆಯಲ್ಲಿ ನಮ್ಮ ಬಸ್ಸಿನ ಹಾಡು, ಅವಳು ನನಗೆ ಪದ ಪದಕ್ಕೂ ಅರ್ಥ ಬಿಡಿಸಿದ ಹಾಡು, ಶುರುವಾಯಿತು.

"ಲೇ, ಇಲ್ಲಿ ನಿಂತಿದ್ದೀಯಲ್ಲೇ! ನಮ್ಮ ಹಾಡು ಕಣೇ! ಅಷ್ಟು ದುಡ್ಡು ಕೊಟ್ಟಿರೋದು ಇಲ್ಲಿ ನಿಲ್ಲೋಕಾ? ಬಾರೇ ಮುಂದಕ್ಕೆ!"

ಕಣ್ಣು ತೆರೆದು ನನ್ನನ್ನು ನೋಡಿದಳು. ಏನೋ ಹೇಳಲು ಹೊರಟವಳು ನಕ್ಕುಬಿಟ್ಟಳು. ಕೈ ಹಿಡಿದು ಎಳೆದೆ, ಬಂದಳು. ಜನರ ನಡುವೆ ನುಗ್ಗಿ, ಕಾವಲಿನವರಿಗೆ ಟಿಕೆಟ್ಟಿನ ಕೈಪಟ್ಟಿ ತೋರಿಸಿ, ಆ ಪೆಟ್ಟಿಗೆಗಳ ಕೆಳಗೆ ಅವಳನ್ನು ಮತ್ತೆ ಕೂರಿಸಿದೆ. ಹಾಡು ಮುಗಿಯುವತನಕ ಅವಳು ಗಾಯಕಿಯ ತುಟಿಯನ್ನೇ ನೋಡುತ್ತಿದ್ದಳು. ನಾನು ಅದನ್ನು ಆನಂದ ಎಂದು ಓದಿಕೊಂಡೆ.

ರಾತ್ರಿ ಅವಳ ಚಿಕ್ಕಮ್ಮನ ಮನೆಯಲ್ಲಿದ್ದು ಬೆಳಿಗ್ಗೆ ಬಸ್ಸು ಹಿಡಿದೆವು. ದೇವನಹಳ್ಳಿ ದಾಟಿದ ಮೇಲೆ, ಹೇಗಿತ್ತೇ, ಅಂದೆ. ನನ್ನ ತುಟಿ ನೋಡಿಯೇ ಅವಳಿಗೆ ಪ್ರಶ್ನೆ ತಿಳಿಯಿತು.

"ಚೆನ್ನಾಗಿತ್ತು ಕಣೇ. ಮುಂದೆ ಬರೀ ಗುಂಯ್ ಅಂತಿತ್ತು, ಮೆಷಿನ್ ತೆಗೆದು ಇಟ್ಕೊಂಡಿದ್ದೆ. ಹಿಂದೆ ನೀರಿನ ಹತ್ರ ಹಾಕ್ಕೊಂಡು ನೋಡಿದ್ರೆ, ಅಲ್ಲಾ, ಎಷ್ಟು ಸಣ್ಣಗೆ, ಎಷ್ಟು ಸಾಫಾಗಿ ಕೇಳಿಸ್ತು ಅಂತೀಯ! ಉಸಿರು ತಗೊಳ್ಳೋದೂ ಕೇಳಿಸ್ತು."

"ಮತ್ತೆ ಅಲ್ಲೇ ಹೇಳಬಾರದಿತ್ತಾ?"

"ಹೆಂಗೆ ಹೇಳ್ಲೇ? ನೀನು ಅಷ್ಟು ಕೊಟ್ಟು ಮುಂದೆ ಕೂರಿಸಿದ್ದೀಯ. ಮುಖ ನೋಡಿದ್ಯಾ ನಿಂದು, ಮದುವಣಗಿತ್ತಿ ಥರ ಇದ್ದೆ!" ಎಂದು ನನ್ನ ತೊಡೆಗೆ ಹೊಡೆದು ನಕ್ಕಳು.

ಹೆಚ್ಚು ಕೊಟ್ಟವರು ಹೆಚ್ಚು ಪಡೆಯುತ್ತಾರೆ ಎಂಬುದು ಟಿಕೆಟ್ಟು ಮಾರುವವರು ಹುಟ್ಟಿಸಿದ ನಂಬಿಕೆಯಲ್ಲ. ಅವರು ಅದನ್ನು ನಮ್ಮೊಳಗಿಂದಲೇ ತೆಗೆದುಕೊಂಡು ನಮಗೇ ಮಾರಿದ್ದಾರೆ. ನಾನು ಕೊಟ್ಟ ದುಡ್ಡಿನ ಬಗ್ಗೆ ನನಗೆ ವ್ಯಥೆಯಿಲ್ಲ, ಸ್ನೇಹಿತರೇ, ಇನ್ನೂ ಅಷ್ಟು ಕೊಡಬಲ್ಲೆ. ಆದರೆ ಆ ಕೊಟ್ಟದ್ದನ್ನು ಕೈಯಲ್ಲಿ ಹಿಡಿದು, ಕೇಳಿಸುತ್ತಿದ್ದ ಜಾಗದಿಂದ ಅವಳನ್ನು ಎಳೆದೆನಲ್ಲ.

ಬಸ್ಸು ನಮ್ಮ ಕಡೆಯ ವಿಜಯಪುರದ ತಿರುವಿನಲ್ಲಿ ಗೇರು ಬದಲಿಸಿ ಗುರುಗುಟ್ಟಿತು. "ನಮ್ಮ ಹಾಡಿನಲ್ಲಿ ಎಲ್ಲಿಯವರೆಗೆ ಕೇಳಿಸಿತ್ತೇ, ನಾನು ಎಳ್ಕೊಂಡು ಹೋಗೋ ಹೊತ್ತಿಗೆ?" ಎಂದು ಕೇಳಿದೆ. ಅವಳು ಕಿಟಕಿಯ ಕಡೆ ತಿರುಗಿದ್ದಳು, ಹಿಪ್ಪುನೇರಳೆ ತೋಟಗಳನ್ನು ನೋಡುತ್ತ. ಕೇಳಿಸಲಿಲ್ಲ. ಅವಳ ಭುಜ ತಟ್ಟಿ ಮತ್ತೆ ಕೇಳಲೆಂದು ಎತ್ತಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.