ಮುತ್ತಜ್ಜನ ನಾಲ್ಕನೆಯ ಕಾಗದ

ನೈರೋಬಿಯ ಲಂಗಾಟಾ ಬಡಾವಣೆಯ ನಮ್ಮ ಪಕ್ಕದ ಮನೆಯಲ್ಲಿ ನಿವೃತ್ತ ಮೇಷ್ಟರೊಬ್ಬರಿದ್ದರು. ಮಂಗಳೂರು ಮೂಲದ ಕ್ರೈಸ್ತರು, ಅಲ್ಲೇ ಹುಟ್ಟಿ ಬೆಳೆದವರು. ಮನೆಮಾತು ಕೊಂಕಣಿ. ಆದರೆ ಅವರ ಹಿರಿಯರು ಕೊಂಕಣಿಯನ್ನು ಬರೆದದ್ದು ಕನ್ನಡ ಅಕ್ಷರದಲ್ಲಿ, ಆ ಅಕ್ಷರ ಇವರಿಗೆ ಬಾರದು, ಕನ್ನಡ ಮಾತಷ್ಟೇ ಬರುತ್ತಿತ್ತು. ನನಗೆ ಅಕ್ಷರ ಬರುತ್ತಿತ್ತು, ಕೊಂಕಣಿ ಬಾರದು. ಹಾಗಾಗಿ ಭಾನುವಾರ ಅವರು ಚರ್ಚಿನಿಂದ ಬಂದ ಮೇಲೆ ನಾನು ಗಿಣಿಯ ಹಾಗೆ ಓದುವುದು, ಅವರು ಕೇಳುವುದು.

ಓದುತ್ತಿದ್ದುದು ಅವರ ಮುತ್ತಜ್ಜ ಮಂಗಳೂರಿನ ತಮ್ಮನಿಗೆ ಬರೆದ ಆರು ಕಾಗದ. ಅಲ್ಲಿನ ಹಳೆ ಮನೆ ಕೆಡವುವಾಗ ಸಿಕ್ಕಿದ್ದನ್ನು ದಾಯಾದಿಯೊಬ್ಬರು ಕಳಿಸಿದ್ದರು. ಹತ್ತೊಂಬತ್ತನೇ ಶತಮಾನದ ಕೊನೆಗೆ ಇಂಗ್ಲಿಷರು ಜಾಂಜಿಬಾರಿನ ಮೇಲೆ ಫಿರಂಗಿ ಹಾರಿಸಿದಾಗ ಅಲ್ಲಿದ್ದ ಆತನ ಬಟ್ಟೆಯಂಗಡಿ ಲೂಟಿಯಾಯಿತಂತೆ. ಪರಿಹಾರ ಕೇಳಿದರೆ, ಸರಕಿನ ಪಟ್ಟಿಯೇ ಸುಳ್ಳು, ಈತ ಮೋಸಗಾರ ಎಂದು ಅರ್ಜಿ ತಳ್ಳಿಹಾಕಿದರು. ಈಗ ಇವರು ಲಂಡನ್ನಿಗೆ ಹೊಸ ಅರ್ಜಿ ಬರೆಯಲು ಕೂತಿದ್ದರು.

"ದುಡ್ಡು ಯಾರಿಗೆ ಬೇಕು ಮಾರಾಯ್ರೆ? ಸಾರಿ ಅಂತ ಒಂದು ಲೆಟರ್ ಬರ್ಲಿ. ನಮ್ಮದು ಕಳ್ಳರ ಫ್ಯಾಮಿಲಿ ಅಲ್ಲ."

ನಾಲ್ಕನೆಯ ಕಾಗದ ಓದುವಾಗ, ಹ್ಞೂಂಗುಟ್ಟುತ್ತಿದ್ದವರು ಕೈ ಎತ್ತಿದರು. ನಾನು ಗಮನಿಸದೆ ಇನ್ನೂ ದೊಡ್ಡ ದನಿಯಲ್ಲಿ ಮುಂದುವರಿಸಿದೆ.

"ಸ್ಟಾಪ್. ಆ ಲೈನ್ ಇನ್ನೊಮ್ಮೆ ಓದಿ."

ಓದಿದೆ. ಅವರು ಕನ್ನಡಕ ತೆಗೆದರು.

"ಅಂಗಡಿಯಲ್ಲಿ ಇದ್ದದ್ದು ಹನ್ನೊಂದು ಮೂಟೆ ಅಂತೆ. ಪರಿಹಾರದ ಪಟ್ಟಿಯಲ್ಲಿ ನಲವತ್ತು ಅಂತ ಬರೆದು ಕೊಟ್ಟಿದ್ದೇನೆ, ನೀನು ಅಲ್ಲಿಂದ ಹಳೇ ಡೇಟ್ ಹಾಕಿ ನಲವತ್ತಕ್ಕೆ ರಸೀದಿ ಕಳಿಸು, ಅಂತ ತಮ್ಮನಿಗೆ ಹೇಳ್ತಾನೆ."

ಅಯ್ಯೋ, ಇದು ನನ್ನ ಬಾಯಿಂದಲೇ ಬರಬೇಕಿತ್ತೇ ಅನಿಸಿತು. "ಲೂಟಿ ಆಗಿದ್ದಂತೂ ನಿಜ ಅಲ್ವಾ ಅಂಕಲ್?" ಎಂದೆ.

"ಹನ್ನೊಂದು ಅಂತಲೇ ಬರೆದಿದ್ರೆ ಕೊಡ್ತಿದ್ರೋ ಏನೋ."

ಅರ್ಜಿಯ ಜೊತೆ ಕಾಗದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಸಿಕ್ಕಿದ್ದೆಲ್ಲ ಇಷ್ಟೇ ಎಂದು ಓದಿಕೊಟ್ಟ ನಾನು ಸಹಿ ಹಾಕಬೇಕಿತ್ತು. ಅವರು ನನ್ನ ಮುಖ ನೋಡದೆ ಕೇಳಿದರು: "ಐದೇ ಕಾಗದ ಅಂತ ಬರೀತೀರಾ?"

ನಾನು ಔಷಧ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವವಳು. ದಾಖಲೆಯಲ್ಲಿ ಹಿಂದಿನ ತಾರೀಖು ಹಾಕಿದ್ದಕ್ಕೆ ಅದೇ ವಾರ ಒಬ್ಬಳನ್ನು ಅಳುವಂತೆ ಬೈದಿದ್ದೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಎಪ್ಪತ್ತು ದಾಟಿದ ಮನುಷ್ಯ ಹಾಗೆ ತಲೆ ತಗ್ಗಿಸಿ ಕೂತಿರುವುದನ್ನು ನೋಡಲಾರದೆ ಐದು ಎಂದು ಬರೆದು ಸಹಿ ಹಾಕಿದೆ. ನಾಲ್ಕನೆಯದನ್ನು ಅವರು ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡರು.

ಮುಂದಿನ ಭಾನುವಾರ ಕರೆ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಬೇಲಿಯ ಹತ್ತಿರ ನನ್ನನ್ನು ಕಂಡರೆ ಒಳಗೆ ಹೋಗಿಬಿಡುತ್ತಿದ್ದರು. ಮೊದಲು ಸಿಟ್ಟು ಬಂತು, ಅವರಿಗಾಗಿ ತಾನೇ ಸುಳ್ಳಿಗೆ ಸಹಿ ಹಾಕಿದ್ದು! ಲಂಡನ್ನಿನಿಂದ ಉತ್ತರ ಬಂತೋ ಇಲ್ಲವೋ ತಿಳಿಯಲಿಲ್ಲ. ಅವರ ಮನೆಮಂದಿಯೆಲ್ಲ ಮುತ್ತಜ್ಜನನ್ನು ಸತ್ಯವಂತನೆಂದೇ ನಂಬಿದ್ದರು. ಅಲ್ಲವೆಂದು ಅವರನ್ನು ಬಿಟ್ಟರೆ ಬಲ್ಲವಳು ನಾನೊಬ್ಬಳೇ ಎಂಬುದು ಆಮೇಲೆ ಹೊಳೆಯಿತು. ವರ್ಷದೊಳಗೆ ನಾವು ನಗರದ ಇನ್ನೊಂದು ಕಡೆ, ಕಿಲಿಮಾನಿಗೆ ಮನೆ ಬದಲಿಸಿದೆವು. ಹೊರಡುವ ದಿನ ಹೇಳಿ ಬರಲು ಹೋದರೆ ಬಾಗಿಲು ತೆಗೆಯಲಿಲ್ಲ. ಒಳಗಿದ್ದಾರೆಂದು ನನಗೆ ಗೊತ್ತಿತ್ತು, ಆದರೂ ಎರಡನೆಯ ಸಲ ತಟ್ಟಲಿಲ್ಲ.