ಸರೋಜತ್ತೆಯ ಹ್ಯಾಂಡ್ ಬ್ರೇಕು

ಆಗೆಲ್ಲ ನಮ್ಮ ಬೀದಿಗೆ ಕಾರು ಬಂತೆಂದರೆ ಯಾರದೋ ಮನೆಯಲ್ಲಿ ಮದುವೆ, ಇಲ್ಲವೇ ಯಾರಿಗೋ ಹುಷಾರಿಲ್ಲ ಎಂದೇ ಅರ್ಥ. ಎರಡೂ ಇಲ್ಲದೆ ಸುಮ್ಮನೆ ಬಂದು, ಬಂದದ್ದು ಹೋಗದೆ ಅಲ್ಲೇ ನಿಂತ ಮೊದಲ ಕಾರು ನಮ್ಮ ಸರೋಜತ್ತೆಯದು. ಹೊಳಲ್ಕೆರೆಯ ನಮ್ಮ ಮನೆಯ ಮುಂದಿನ ಬೇವಿನ ಮರದ ಕೆಳಗೆ ಅದು ನಿಂತಿದ್ದ ಆ ಬೇಸಿಗೆಯನ್ನು ನೆನೆದರೆ ಮೊದಲು ವಾಸನೆ ಬರುತ್ತದೆ. ಬಿಸಿಲಿಗೆ ಕಾದ ರೆಕ್ಸಿನ್ ಸೀಟು, ಪೆಟ್ರೋಲು, ಕಿಟಕಿಯಿಂದ ಒಳಗೆ ಉದುರಿದ ಬೇವಿನ ಹೂವು. ನಾಲ್ಕನೇ ಕ್ಲಾಸಿನ ಪರೀಕ್ಷೆ ಮುಗಿಸಿದ್ದ ನಾನು ಆ ಸೀಟಿನ ಮೇಲೆ ಮಲಗಿ ಎಷ್ಟು ಮಧ್ಯಾಹ್ನಗಳನ್ನು ಕಳೆದೆನೋ.

ಸರೋಜತ್ತೆ ಅಪ್ಪನ ತಂಗಿ. ಹತ್ತಿರದ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರು. ಮದುವೆಯಾಗಿರಲಿಲ್ಲ, ನಮ್ಮ ಜೊತೆಯಲ್ಲೇ ಇದ್ದಳು. ಇಬ್ಬರ ಕೈ ದಾಟಿ ಬಂದಿದ್ದ ಆ ಬೂದು ಬಣ್ಣದ ಕಾರನ್ನು ಅವಳು ಯಾರನ್ನೂ ಕೇಳದೆ ತಂದಳು. ಕಾರು ಯಾಕೆ ಬೇಕಿತ್ತು ಎಂದವರಿಗೆಲ್ಲ ಒಂದೇ ಉತ್ತರ. "ಅವ್ವನ್ನ ತವರಿಗೆ ಕರ್ಕಂಡು ಹೋಗಾಕೆ."

ಅಜ್ಜಿಯ ತವರು ತುರುವನೂರಿನ ಕಡೆಯ ಒಂದು ಸಣ್ಣ ಊರು. ಅಲ್ಲಿ ಅವಳ ತಂಗಿ ತಿಮ್ಮಕ್ಕಜ್ಜಿ ಇದ್ದಳು, ಹೊಲಮನೆ ಬಿಟ್ಟು ಊರು ದಾಟುವವಳಲ್ಲ. ನಮ್ಮಜ್ಜಿಗೆ ಬಸ್ಸು ಆಗುತ್ತಿರಲಿಲ್ಲ. ಹತ್ತುವುದಿರಲಿ, ಬಸ್‌ಸ್ಟ್ಯಾಂಡಿನ ಹೊಗೆ ಮೂಗಿಗೆ ಬಡಿದರೂ ಹೊಟ್ಟೆ ತೊಳಸಿ ವಾಂತಿ. ಹಾಗಾಗಿ ಅಕ್ಕತಂಗಿಯರು ಹನ್ನೊಂದು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಆ ಕಡೆ ಹೋಗಿಬರುವವರ ಕೈಯಲ್ಲಿ ಅವಳು ಇವಳಿಗೆ ಶೇಂಗಾ ಕಳಿಸುವುದು, ಇವಳು ಅವಳಿಗೆ ಅಡಿಕೆ ಕಳಿಸುವುದು, ಅಷ್ಟೇ. ಗಂಟು ಕಟ್ಟಿ ಬಂದ ಬಟ್ಟೆಯನ್ನೂ ಅಜ್ಜಿ ಮಡಿಸಿಟ್ಟುಕೊಳ್ಳುತ್ತಿದ್ದಳು.

"ಬಾಡಿಗೆ ಕಾರು ಮಾಡಿದ್ರೆ ಒಂದಿನದಾಗೆ ಹೋಗಿ ಬರಬಹುದಿತ್ತಲ್ಲ" ಎಂದ ಅಪ್ಪ.

"ಒಂದಿನ ಹೋಗಿ ಬರಾಕಲ್ಲಣ್ಣ. ಅವ್ವಂಗೆ ಯಾವಾಗ ಅನ್ಸುತ್ತೋ ಅವಾಗ ಹೋಗಾಕೆ."

ಅತ್ತೆಗೆ ಕಾರು ಕಲಿಸಲು ಒಪ್ಪಿದವನು ನಮ್ಮ ಬೀದಿಯ ಕೊನೆಯ ಮನೆಯ ರುದ್ರಜ್ಜ. ಬಸ್ಸು ಓಡಿಸಿ ರಿಟೈರಾದವನು. ಮೂರು ದಿನ ಅವನು ಇಂಜಿನ್ನೇ ಚಾಲೂ ಮಾಡಲು ಬಿಡಲಿಲ್ಲ. "ಓಡ್ಸಾದು ಆಮೇಲೆ ಟೀಚರಮ್ಮ. ಬಿಟ್ಟೋದ ಜಾಗದಾಗೆ ಗಾಡಿ ಇರ್ಬೇಕು. ಅದನ್ನ ಮೊದ್ಲು ಕಲೀರಿ" ಎಂದು, ಹಿಂದಿನ ಚಕ್ರವನ್ನು ಜಾಕಿಯ ಮೇಲೆ ಎತ್ತಿ, ಚಕ್ರ ಬಿಚ್ಚಿ, ಅದರ ಹಿಂದಿನ ಡಬ್ಬಿಯಂಥ ಡ್ರಮ್ಮನ್ನೂ ತೆಗೆದಿಟ್ಟ. ಒಳಗೆ ಎದುರುಬದುರಾಗಿ ಎರಡು ಅರ್ಧಚಂದ್ರ. ಲೈನರು ಎಂದ. ನನ್ನನ್ನು ಒಳಗೆ ಕೂರಿಸಿ ಎರಡು ಸೀಟಿನ ನಡುವಿನ ಹ್ಯಾಂಡ್ ಬ್ರೇಕು ಎಳೆಸಿದ. ಆಮೇಲೆ ಅತ್ತೆ ಎಳೆದಳು, ನಾನು ಇಳಿದು ನೋಡಿದೆ. ಮಲಗಿದ್ದವರು ಮೈಮುರಿಯುವ ಹಾಗೆ ಆ ಎರಡು ಅರ್ಧಚಂದ್ರಗಳು ನಿಧಾನವಾಗಿ ಅಗಲವಾದವು. ಬಿಟ್ಟರೆ ಮತ್ತೆ ಮುದುಡಿಕೊಂಡವು. ಮುಂದೆ ಕುಳಿತು ಎಳೆದರೆ ಅಷ್ಟು ದೂರದ ಕತ್ತಲೆಯಲ್ಲಿ ಏನೋ ಅಲುಗುತ್ತದೆ ಎಂಬುದು ನನಗೆ ಬಹಳ ದಿನ ಕನಸಿನಲ್ಲೂ ಬರುತ್ತಿತ್ತು.

"ಕಾಲಿನ ಬ್ರೇಕಿಗೆ ಎಣ್ಣೆ ಬೇಕು. ಇದಕ್ಕೆ ಎಣ್ಣೆ ಇಲ್ಲ, ಬರೀ ವೈರು" ಎಂದ ರುದ್ರಜ್ಜ. "ಎಳೆದ್ರೆ ವೈರು ಹಿಂದಿನ ಚಕ್ರದಾಗೆ ಲೈನರ್ ಅಗಲಿಸ್ತೈತೆ, ಅದು ಡ್ರಮ್ಮಿಗೆ ಒತ್ಕಂತೈತೆ, ಚಕ್ರ ತಿರುಗಲ್ಲ. ಎಳೆದಿದ್ದು ಇಳೀಬಾರ್ದಲ್ಲ, ಅದಕ್ಕೆ ಹಿಡಿ ಬುಡದಾಗೆ ಗರಗಸದಂಗೆ ಹಲ್ಲು ಅವೆ. ಒಂದು ಕೊಕ್ಕೆ ಹಲ್ಲಿಗೆ ಕಚ್ಕಂಡು ಕುಂತಿರ್ತೈತೆ. ಹಿಡಿ ತುದೀಲಿ ಗುಂಡಿ ಐತಲ್ಲ, ಒತ್ತಿದ್ರೆ ಕೊಕ್ಕೆ ಎದ್ದೇಳ್ತೈತೆ."

"ಹಂಗಾರೆ ಎಳೆಯುವಾಗ ಗುಂಡಿ ಮುಟ್ಟಬಾರದಾ?" ಅತ್ತೆ ಕೇಳಿದಳು.

"ಒತ್ಕಂಡೇ ಎಳೀರಿ, ಹಲ್ಲು ಸವೆಯಲ್ಲ. ಬಿಗಿಯಾಗಿ ಮ್ಯಾಲೆ ಬಂದ ಮ್ಯಾಲೆ ಗುಂಡಿ ಬಿಡ್ರಿ. ಕಚ್ಕಂತೈತೆ."

ಇನ್ನೂ ಎಷ್ಟೋ ಹೇಳಿದ. ಮೊದಲು ಕಾಲಿನ ಬ್ರೇಕು ಒತ್ತಿ ನಿಲ್ಲಿಸಬೇಕು, ಆಮೇಲೆ ಕೈಯದು. ಅದೊಂದನ್ನೇ ನಂಬಬಾರದು, ಗಾಡಿ ಆಫ್ ಮಾಡಿ ಗೇರಿನಲ್ಲೂ ಬಿಡಬೇಕು. ಏರಿನಲ್ಲಾದರೆ ಒಂದನೇ ಗೇರು, ಮುಖ ಇಳಿಜಾರಿಗಿದ್ದರೆ ರಿವರ್ಸು, ಜೊತೆಗೆ ಚಕ್ರಕ್ಕೆ ಮರದ ತುಂಡು. ಹೊರಡುವಾಗ ಪೂರ್ತಿ ಇಳಿಸಬೇಕು, ಇಲ್ಲದಿದ್ದರೆ ಲೈನರು ಸುಟ್ಟು ವಾಸನೆ ಬರುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸುವುದಾದರೆ ಎಳೆದಿಡಲೇಬಾರದು, ಲೈನರು ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಅತ್ತೆ ಇದನ್ನೆಲ್ಲ ಶಾಲೆಯ ನೋಟುಬುಕ್ಕಿನಲ್ಲಿ ನಂಬರು ಹಾಕಿ ಬರೆದುಕೊಂಡಳು. ನನ್ನ ತಲೆಯಲ್ಲಿ ಉಳಿದದ್ದು ಗುಂಡಿ ಒಂದೇ.

ಕಾರು ಬೇವಿನ ಮರದಡಿ ಸಮನೆಲದಲ್ಲಿ ನಿಂತಿರುತ್ತಿತ್ತು. ಸಂಜೆ ಹೊತ್ತು ನಾನು ಒಳಗೆ ಕುಳಿತು ಹಿಡಿಯನ್ನು ಮೇಲೆ ಎಳೆಯುತ್ತಿದ್ದೆ. ಕರ್ ಕರ್ ಕರ್. ಗುಂಡಿ ಒತ್ತಿ ಬಿಡುತ್ತಿದ್ದೆ. ದಪ್ ಎಂದು ಬೀಳುತ್ತಿತ್ತು. ಕಾರು ಕದಲುತ್ತಿರಲಿಲ್ಲ. ಅದರಿಂದ ಏನಾದರೂ ಆಗಬಹುದು ಎಂದು ನನಗೆ ಅನ್ನಿಸಿರಲೇ ಇಲ್ಲ.

ಅತ್ತೆಗೆ ಓಡಿಸುವುದು ಕೈಗೆ ಕುದುರಿದ ಮೇಲೆ, ಮೇ ತಿಂಗಳ ಒಂದು ಬೆಳಿಗ್ಗೆ ಹೊರಟೆವು. ಅತ್ತೆ, ಹಿಂದಿನ ಸೀಟಿನಲ್ಲಿ ಅಜ್ಜಿ, ಮುಂದೆ ಅತ್ತೆಯ ಪಕ್ಕ ನಾನು. ಅಜ್ಜಿಯ ಮಡಿಲಲ್ಲಿ ಅಡಿಕೆಯ ಗಂಟು, ಕೈಯಲ್ಲಿ ಮೂಸಲು ನಿಂಬೆಹಣ್ಣು. ಚಿತ್ರದುರ್ಗ ಹತ್ತಿರ ಬರುವಾಗ ಗುಡ್ಡದ ಮೇಲಿನ ಗಾಳಿಯಂತ್ರಗಳು ಎಳೆಬಿಸಿಲಿನಲ್ಲಿ ಒಂದೊಂದಾಗಿ ಕಾಣಿಸಿಕೊಂಡವು. ಒಂದು ತಿರುಗುತ್ತಿತ್ತು, ಒಂದು ನಿಂತಿತ್ತು, ಇನ್ನೊಂದು ತಿರುಗಲೋ ಬೇಡವೋ ಎಂದು ಯೋಚಿಸುತ್ತಿತ್ತು. ಅಜ್ಜಿ ನಿಂಬೆಹಣ್ಣನ್ನು ಒಂದು ಸಲವೂ ಮೂಸಲಿಲ್ಲ. ಕಿಟಕಿಯ ಗಾಳಿಗೆ ಮುಖವೊಡ್ಡಿ, "ಏನೂ ಆಗ್ತಾನೇ ಇಲ್ವಲ್ಲೇ ಸರೋಜಿ" ಎಂದಳು, ಯಾರೋ ತನಗೆ ಏನನ್ನೋ ಕೊಟ್ಟಂತೆ. ಕೋಟೆಯ ಬಂಡೆಗಳು ಹಿಂದಾದವು. ಊರು ದಾಟಿದ ಮೇಲೆ ಎರಡೂ ಕಡೆ ಎರೆ ಹೊಲ, ಬಿಸಿಲುಗುದುರೆ. ಅಜ್ಜಿ ಹಾಗೇ ನಿದ್ದೆಹೋದಳು.

ಒಂದು ಹಳ್ಳ ದಾಟಿ ಏರು ಹತ್ತುವಾಗ ಎದುರಿಗೆ ಕುರಿಮಂದೆ ಬಂತು. ಅತ್ತೆ ರಸ್ತೆಯ ಅಂಚಿಗೆ ನಿಲ್ಲಿಸಿ ಹ್ಯಾಂಡ್ ಬ್ರೇಕು ಎಳೆದಳು. ಕುರಿಗಳು ನಮ್ಮ ಎರಡೂ ಬದಿಯಿಂದ ಹರಿದುಹೋದವು. ಆ ದೂಳು, ಉಣ್ಣೆಯ ವಾಸನೆ, ಒಂದು ಮರಿ ಕಿಟಕಿಗೆ ಮೂತಿಯೊಡ್ಡಿ ಹೋದದ್ದು ಎಲ್ಲ ಮಬ್ಬುಮಬ್ಬಾಗಿ ನೆನಪಿದೆ. ಮಂದೆ ಕೆಳಗಿಳಿದು ಹಳ್ಳದ ಪಕ್ಕದ ಜಾಲಿಮರದ ನೆರಳಿಗೆ ಸೇರಿತು. ತಂದಿದ್ದ ನೀರು ಖಾಲಿಯಾಗಿತ್ತು. ಏರಿನ ಮೇಲೊಂದು ತೋಟದಮನೆ ಕಾಣುತ್ತಿತ್ತು.

"ಅಜ್ಜಿ ಎದ್ರೆ ನೀರು ಕೇಳ್ತಾಳೆ. ಹಿಡ್ಕಂಡು ಬರ್ತೀನಿ, ಇಳೀಬ್ಯಾಡ" ಎಂದು ಅತ್ತೆ ಕ್ಯಾನು ತೆಗೆದುಕೊಂಡು ಹೋದಳು.

ನನಗೆ ಬೇಜಾರಾಯಿತು. ಕೈ ತಾನಾಗಿ ಹಿಡಿಯ ಮೇಲೆ ಹೋಯಿತು. ಸ್ವಲ್ಪ ಮೇಲೆತ್ತಿ ಗುಂಡಿ ಒತ್ತಿ ಬಿಟ್ಟೆ. ದಪ್.

ಮೊದಲು ನನಗೆ ಗಿಡಗಳೇ ಮುಂದಕ್ಕೆ ಹೋಗುತ್ತಿವೆ ಅನ್ನಿಸಿತು. ಸದ್ದಿರಲಿಲ್ಲ. ಕಾರು ದೋಣಿಯ ಹಾಗೆ ಹಿಂದಕ್ಕೆ ಜಾರುತ್ತಿತ್ತು. ತಿರುಗಿ ನೋಡಿದರೆ ಅಜ್ಜಿಯ ನಿದ್ದೆಯ ಮುಖ, ಅದರ ಹಿಂದೆ ಗಾಜಿನಲ್ಲಿ ಕುರಿಗಳು, ತಡೆಗೋಡೆಯಿಲ್ಲದ ಸಣ್ಣ ಸೇತುವೆ. ಹಿಡಿಯನ್ನು ಎರಡು ಕೈಯಲ್ಲಿ ಎಳೆದೆ. ಕಾರು ಮೆಲ್ಲಗಾಯಿತು. ಆದರೆ ಒತ್ಕಂಡೇ ಎಳೀರಿ ಎಂದು ರುದ್ರಜ್ಜ ಹೇಳಿದ್ದನಲ್ಲ, ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ಕೈ ಸೋತು ಹಿಡಿ ಕೆಳಗೆ ಬಂತು, ಕಾರು ಮತ್ತೆ ಓಡಿತು. ಮತ್ತೆ ಎಳೆದೆ. ಮತ್ತೆ ಬಿತ್ತು. ಮೇಲಿನಿಂದ ಅತ್ತೆ ಸೆರಗು ಬಿದ್ದದ್ದೂ ತಿಳಿಯದೆ ಓಡಿಬರುತ್ತಿದ್ದಳು.

"ಗುಂಡಿ ಬಿಡು ಶೈಲಿ. ಎಳಿ, ಎಳ್ದು ಗುಂಡಿ ಬಿಡು."

ಬಿಟ್ಟೆ. ಕೊಕ್ಕೆ ಹಲ್ಲಿಗೆ ಕಚ್ಚಿಕೊಂಡದ್ದು ನನ್ನ ಅಂಗೈಗೇ ತಿಳಿಯಿತು. ಇನ್ನೂ ಎರಡು ಸಲ ಎಳೆದೆ. ಕಾರು ಒಮ್ಮೆ ಹಿಂದಕ್ಕೆ ವಾಲಿ ನಿಂತಿತು. ಸೇತುವೆಯ ಅಂಚಿಗೂ ಹಿಂದಿನ ಚಕ್ರಕ್ಕೂ ನಡುವೆ ಒಂದು ಮೊಳ ಜಾಗವಿತ್ತು.

ಕುರಿ ಕಾಯುವವನು ದೊಡ್ಡ ಕಲ್ಲೊಂದನ್ನು ತಂದು ಚಕ್ರಕ್ಕೆ ಕೊಟ್ಟ. ಅತ್ತೆ ಬಾಗಿಲು ತೆಗೆದು ನನ್ನನ್ನೂ ಅಜ್ಜಿಯನ್ನೂ ಇಳಿಸಿಕೊಂಡಳು. ಅವನು ಬಯ್ಯಲಿಲ್ಲ. "ಏರಿನಾಗೆ ನಿಲ್ಸಿದ ಮ್ಯಾಲೆ ಬ್ರೇಕ್ ಹಾಕ್ಬೇಕಲ್ರಮ್ಮ" ಎಂದ.

"ಹಾಕಿದ್ದೆ" ಎಂದಳು ಅತ್ತೆ. ಆಮೇಲೆ ತನಗೇ ಎಂಬಂತೆ, "ಹಾಕಿದ್ದೆ ಅಲ್ವಾ?" ಎಂದಳು.

ನಾನು ಅಜ್ಜಿಯ ಸೆರಗಿನ ಹಿಂದೆ ಸರಿದೆ.

ಅಲ್ಲಿಂದ ತಿಮ್ಮಕ್ಕಜ್ಜಿಯ ಊರು ಇನ್ನು ಐದಾರು ಮೈಲಿ. ಅತ್ತೆ ಕಾರು ತಿರುಗಿಸಿದಳು. ಅಜ್ಜಿ ಹಿಂದಿನ ಗಾಜಿನಿಂದ ಆ ಕಡೆಯ ಆಕಾಶವನ್ನು ನೋಡುತ್ತಾ, "ಹೋಗಾಣ ಬಿಡೇ, ಇನ್ನೊಂದ್ಸಲ ಬಂದ್ರಾತು" ಎಂದಳು. ಅಡಿಕೆಯ ಗಂಟು ಮಡಿಲಲ್ಲೇ ಇತ್ತು.

ಮನೆಗೆ ಬಂದು ಅತ್ತೆ ತಾನೇ ಅಪ್ಪನಿಗೆ ಎಲ್ಲ ಹೇಳಿದಳು. "ಬ್ರೇಕ್ ಹಾಕಾದೇ ಮರ್ತಿದ್ನೇನೋ ಅಣ್ಣ" ಎಂದು ಬೀಗದಕೈಯನ್ನು ಅವನ ಮುಂದಿಟ್ಟಳು. ಅಪ್ಪ ಕೂಗಾಡಲಿಲ್ಲ. "ಅವ್ವ ಒಳಗಿದ್ಲು. ಮಗು ಒಳಗಿತ್ತು. ಇನ್ನ ಬ್ಯಾಡ ಬಿಡು ಸರೋಜ" ಎಂದು ಅದನ್ನು ಜೇಬಿಗೆ ಹಾಕಿಕೊಂಡ. ಅತ್ತೆ ತಲೆಯಾಡಿಸಿದಳು. ಅವಳು ವಾದ ಮಾಡದೆ ಒಪ್ಪಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲಿನ ನಾಲ್ಕು ದಿನ ಅತ್ತೆ ಬೇರೆಯವಳಾದಳು. ಸಾರಿಗೆ ಉಪ್ಪು ಹಾಕಿ ಐದು ನಿಮಿಷಕ್ಕೆ ಅಮ್ಮನನ್ನು ಕರೆದು, "ಅತ್ತಿಗೆ, ಉಪ್ಪು ಹಾಕಿದ್ನಾ ನೋಡು" ಎನ್ನುತ್ತಿದ್ದಳು. ಮಕ್ಕಳ ಪರೀಕ್ಷೆಯ ಮಾರ್ಕ್ಸು ಒಂದೇ ನೋಟಕ್ಕೆ ಕೂಡುತ್ತಿದ್ದವಳು ಕೂಡಿದ್ದನ್ನೇ ಮೂರು ಸಲ ಕೂಡುತ್ತಿದ್ದಳು. ಹೇಳಬೇಕೆಂದು ಹತ್ತಿರ ಹೋಗುತ್ತಿದ್ದೆ. ಅವಳು ತಲೆ ನೇವರಿಸುತ್ತಿದ್ದಳು, "ನೀನಿದ್ದಿದ್ದಕ್ಕೆ ಉಳೀತು ಕಣೆ ಅವತ್ತು" ಎನ್ನುತ್ತಿದ್ದಳು. ಆ ಮಾತು ಕೇಳಿ ನಾನು ಅಲ್ಲಿಂದ ಓಡಿಹೋಗುತ್ತಿದ್ದೆ.

ಐದನೇ ದಿನ ರುದ್ರಜ್ಜ ಬಂದ. ಮತ್ತೆ ಚಕ್ರ ಎತ್ತಿ, ಡ್ರಮ್ಮು ತೆಗೆದು, ಲೈನರು ಮುಟ್ಟಿ ನೋಡಿದ. ಕಾರಿನಡಿ ತೂರಿ ವೈರಿನುದ್ದಕ್ಕೂ ಕೈಯಾಡಿಸಿದ. ಹಿಡಿಯನ್ನು ಹತ್ತು ಸಲ ಎಳೆದ. "ಏನೂ ಆಗಿಲ್ಲ ಟೀಚರಮ್ಮ. ಲೈನರ್ ಗಟ್ಟಿ ಐತೆ, ಹಲ್ಲೂ ಸರಿ ಅವೆ. ಎಳೆದಿದ್ರೆ ತಾನಾಗೇ ಇಳಿಯಾ ಮಾತೇ ಇಲ್ಲ."

ಅತ್ತೆ ಜಗಲಿಯ ಮೇಲೆ ಕುಳಿತಿದ್ದಳು. "ಹಂಗಾರೆ ನಾನೇ ಎಳೆದಿಲ್ಲ" ಎಂದು ತನ್ನ ಎಡ ಅಂಗೈಯನ್ನು ನೋಡಿಕೊಂಡಳು, ಅದು ಬೇರೆ ಯಾರದೋ ಎಂಬಂತೆ. ಬ್ರೇಕು ಎಳೆಯುವುದು ಆ ಕೈಯಲ್ಲಿ.

"ನಾನು ಗುಂಡಿ ಒತ್ತಿದೆ" ಎಂದೆ.

ಯಾರಿಗೂ ಕೇಳಲಿಲ್ಲವೇನೋ ಎಂದು ಇನ್ನೊಂದು ಸಲ ಹೇಳಿದೆ. "ಅತ್ತೆ ಎಳೆದಿದ್ಲು. ನಾನು ಆಟ ಆಡಾಕೆ ಗುಂಡಿ ಒತ್ತಿ ಬಿಟ್ಟೆ."

ರುದ್ರಜ್ಜ ಕಾರಿನೊಳಗಿಂದ ತಲೆ ಹೊರಗೆ ಹಾಕಿದ. ಹೊಡೆತ ಬೀಳುತ್ತದೆಂದು ನಾನು ಕಣ್ಣು ಮುಚ್ಚಿದೆ. ಬೇವಿನ ಮರದಲ್ಲಿ ಅಳಿಲು ಕೂಗುತ್ತಿತ್ತು. ಅತ್ತೆಯ ದನಿ ಕೇಳಿತು, ಬಹಳ ಮೆಲ್ಲಗೆ. "ಎಳೆದಿದ್ನಾ ನಾನು?"

"ಹೂಂ. ನಾನು ನೋಡಿದ್ದೆ."

ಅವಳು ನನ್ನನ್ನು ಹೊಡೆಯಲಿಲ್ಲ. ಹತ್ತಿರಕ್ಕೆಳೆದುಕೊಂಡು ನನ್ನ ತಲೆಯ ಮೇಲೆ ಗದ್ದವಿಟ್ಟಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ, ಮೈ ಅಲುಗುತ್ತಿತ್ತು. "ಗೇರಿಗೆ ಹಾಕ್ದೆ ನ್ಯೂಟ್ರಲ್ಲಾಗೆ ಬಿಟ್ಟು ಹೋಗಿದ್ದೆ ಕಣೆ. ಮರದ ತುಂಡು ಡಿಕ್ಕಿಯಾಗೇ ಇತ್ತು. ಒಂದ್ನಿಮಿಷದ ಕೆಲಸ ಅಂತ. ಅರ್ಧ ತಪ್ಪು ನಂದು" ಎಂದಳು. ಸಂಜೆ ಅಪ್ಪನಿಗೆ ನಾನೇ ಹೇಳಬೇಕು ಎಂದಳು. ಹೇಳಿದೆ. ಅಪ್ಪ ಜೇಬಿನಿಂದ ಬೀಗದಕೈ ತೆಗೆದು ತಂಗಿಯ ಕೈಗೆ ಕೊಟ್ಟ. "ಇವಳ್ನ ಹಿಂದಿನ ಸೀಟಿಗೆ ಹಾಕು" ಎಂದ.

ಮುಂದಿನ ಭಾನುವಾರ ಹೋದೆವು. ಹಳ್ಳದ ಏರಿನಲ್ಲಿ ಎಲ್ಲೂ ನಿಲ್ಲಿಸಲಿಲ್ಲ. ತಿಮ್ಮಕ್ಕಜ್ಜಿ ಹೊಲದಿಂದ ಬಂದವಳು ಕೈಕಾಲು ತೊಳೆಯದೆ ಅಕ್ಕನ ಪಕ್ಕ ಕುಳಿತಳು. ಒಬ್ಬರ ತೋಳನ್ನು ಒಬ್ಬರು ಒತ್ತಿ ನೋಡಿ, "ಎಷ್ಟು ಇಳಿದು ಹೋಗೀಯೆ" ಎಂದುಕೊಂಡರು. ಜೋಳದ ರೊಟ್ಟಿ, ಹುರುಳಿಕಾಳಿನ ಸಾರು, ಆಮೇಲೆ ಬೆಲ್ಲದ ಜೊತೆ ಹುರಿದ ಶೇಂಗಾ. ಊಟವಾದ ಮೇಲೆ ಅಕ್ಕತಂಗಿ ಒಂದೇ ಚಾಪೆಯ ಮೇಲೆ, ಒಂದೇ ಸೆರಗು ಇಬ್ಬರ ಮುಖಕ್ಕೂ ಮುಚ್ಚಿಕೊಂಡು ನೊಣ ತಡೆದು ಮಲಗಿದರು. ಆ ಬೇಸಿಗೆ ಮುಗಿಯುವುದರೊಳಗೆ ಅಜ್ಜಿ ಇನ್ನೂ ಮೂರು ಸಲ, ಅನ್ನಿಸಿದಾಗಲೆಲ್ಲ ಹೋಗಿಬಂದಳು.

ಈಗ ಇಬ್ಬರು ಅಜ್ಜಿಯರೂ ಇಲ್ಲ, ರುದ್ರಜ್ಜನೂ ಇಲ್ಲ. ಆ ಏರನ್ನು ಅಗೆದು ರಸ್ತೆಯನ್ನು ಸಮ ಮಾಡಿದ್ದಾರೆ. ನನ್ನ ಕಾರಿನಲ್ಲಿ ಹಿಡಿಯೂ ಇಲ್ಲ, ಹಲ್ಲಿನ ಸದ್ದೂ ಇಲ್ಲ. ಬೆರಳಗಲದ ಒಂದು ಸ್ವಿಚ್ಚು, ಗಾಡಿ ಆಫ್ ಮಾಡಿದರೆ ಬ್ರೇಕು ತಾನೇ ಬೀಳುತ್ತದೆ. ಹಿಂದೆ ಬೆಲ್ಟು ಹಾಕಿಕೊಂಡು ಕೂರುವ ನನ್ನ ಮಗಳಿಗೆ ಅದರಲ್ಲಿ ಆಡಲೂ ಏನಿಲ್ಲ, ಕೆಡಿಸಲೂ ಏನಿಲ್ಲ. ಒಳ್ಳೆಯದೇ, ಅಂದುಕೊಳ್ಳುತ್ತೇನೆ.

ಅತ್ತೆ ಕಾರು ಓಡಿಸುವುದು ಬಿಟ್ಟು ನಾಲ್ಕು ವರ್ಷವಾಯಿತು. ಈಗ ಅವಳಿಗೆ ಮರೆವು. ಮಾತ್ರೆ ನುಂಗಿ ನೀರು ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ನುಂಗಿದೆನಾ ಎಂದು ಕೇಳುತ್ತಾಳೆ. ನುಂಗಿದೆ ಅತ್ತೆ, ನಾನು ನೋಡಿದೆ, ಎನ್ನುತ್ತೇನೆ. ಅವಳು ನನ್ನ ಮುಖವನ್ನೇ ನೋಡುತ್ತಾಳೆ, ನಾನು ಇನ್ನೂ ಏನೋ ಹೇಳುವುದು ಬಾಕಿ ಇದೆ ಎಂಬಂತೆ. ಹತ್ತು ವರ್ಷದ ನನ್ನ ಬಳಿ ನಿನ್ನ ಮರೆವಲ್ಲ ಅತ್ತೆ, ನಾನು ಮಾಡಿದ್ದು ಎಂದು ಹೇಳಲು ಒಂದು ತಪ್ಪಾದರೂ ಇತ್ತು. ಈಗ ಅದೂ ಇಲ್ಲ.