ಡೋಲ್ಮಾ ಸಹಿ ಹಾಕಿದ ನನ್ನ ತಪ್ಪು

ಆ ತಪ್ಪೊಪ್ಪಿಗೆ ಪತ್ರ ಬರೆದವಳು ನಾನು. ಅದರಲ್ಲಿರುವ ತಪ್ಪನ್ನು ಮಾಡಿಸಿದವಳೂ ನಾನೇ. ಕೆಳಗಿನ ಸಹಿ ಮಾತ್ರ ಡೋಲ್ಮಾಳದು — ಹನ್ನೆರಡು ವರ್ಷದ, ನನ್ನನ್ನು ‘ಅಕ್ಕಾ’ ಎಂದು ನಂಬಿದ್ದ ಹುಡುಗಿಯದು. ಎಂಟು ವರ್ಷದಿಂದ ಇದನ್ನು ಯಾರಿಗೂ ಹೇಳಿಲ್ಲ. ಹೇಳಲು ಸಂದರ್ಭ ಒದಗಲಿಲ್ಲ ಎಂದು ಬರೆಯಬಹುದು. ಅದೂ ಸುಳ್ಳು. ಸಂದರ್ಭಗಳು ಬಂದವು, ನಾನು ಬಾಯಿ ಬಿಡಲಿಲ್ಲ.

ಆಗ ನಾನು ತುಮಕೂರಿನಲ್ಲಿ ಎರಡನೇ ವರ್ಷದ ಬಿ.ಎ. ಓದುತ್ತಿದ್ದೆ. ಗುಬ್ಬಿಯಿಂದ ದಿನಾ ಬಸ್ಸು. ಚರ್ಚಾಸ್ಪರ್ಧೆಗೆ ಹೋದರೆ ಶೀಲ್ಡ್ ಇಲ್ಲದೆ ಮನೆಗೆ ಬರುತ್ತಿರಲಿಲ್ಲ. ಯಾರು ಏನೇ ಹೇಳಲಿ, ‘ಆಧಾರ ಏನು?’ ಎಂದು ಕೇಳುವುದು ನನ್ನ ಚಟ. ಅದನ್ನೇ ಬುದ್ಧಿವಂತಿಕೆ ಎಂದುಕೊಂಡಿದ್ದೆ. ನಮ್ಮ ಕಾಲೇಜಿನ ಸೇವಾತಂಡ ಭಾನುವಾರಗಳಂದು ಒಂದು ಹಾಸ್ಟೆಲಿಗೆ ಹೋಗಿ ಟಿಬೆಟಿಯನ್ ನಿರಾಶ್ರಿತರ ಮಕ್ಕಳಿಗೆ ಪಾಠ ಹೇಳುತ್ತಿತ್ತು. ಕೊಳ್ಳೇಗಾಲದ ಕಡೆಯ ಕ್ಯಾಂಪಿನಿಂದ ಓದಲು ಬಂದಿದ್ದ ಹದಿನಾಲ್ಕು ಮಕ್ಕಳು. ಡೋಲ್ಮಾ ಅವರಲ್ಲಿ ಒಬ್ಬಳು.

ಒಂದು ಭಾನುವಾರ ಅವರನ್ನು ಕುಣಿಗಲ್ಲಿಗೆ ಮ್ಯೂಸಿಯಂ ತೋರಿಸಲು ಕರೆದೊಯ್ದೆವು. ನಿವೃತ್ತ ಅಧಿಕಾರಿಯೊಬ್ಬರು ತಮ್ಮ ಹಳೇ ಬಂಗಲೆಯಲ್ಲಿ ಕೂಡಿಟ್ಟಿದ್ದ ಬೊಂಬೆ, ಆಟಿಕೆಗಳ ಸಂಗ್ರಹ ಅದು. ಗೇಟಿನ ಮುಂದೆ ಮಕ್ಕಳ ಕೈಗೆ ಬ್ಯಾನರ್ ಕೊಟ್ಟು ಫೋಟೋ ತೆಗೆದೆವು: ‘ನಿರಾಶ್ರಿತ ಮಕ್ಕಳಿಗೆ ಜ್ಞಾನಪ್ರವಾಸ’. ಮೊದಲ ಪದ ಎಲ್ಲಕ್ಕಿಂತ ದಪ್ಪ. ಆ ಪದವನ್ನು ಆ ಮಕ್ಕಳೇ ಎತ್ತಿ ಹಿಡಿಯಬೇಕೆ? ಎಲ್ಲವನ್ನೂ ಪ್ರಶ್ನಿಸುವ ನಾನು ಅದೊಂದನ್ನು ಪ್ರಶ್ನಿಸಲಿಲ್ಲ. ಫೋಟೋದಲ್ಲಿ ನಾನೂ ಇದ್ದೆನಲ್ಲ!

ಜೊತೆಗೆ ಬಂದಿದ್ದ ಸಹಪಾಠಿ ಮಹೇಶ, ಹುಲಿಯೂರುದುರ್ಗದವನು, ಚಿತ್ರಾನ್ನದ ಪೊಟ್ಟಣ ತರಲು ಹೊರಟ.

“ಲಾಯರಮ್ಮ, ನಾನು ಬರೋಗಂಟ ಹುಡುಗ್ರನ್ನ ನೋಡ್ಕೊ. ಬೊಂಬೆಗಳ ಜೊತೆ ವಾದಕ್ಕೆ ನಿಂತ್ಕೊಬೇಡ ಮತ್ತೆ!”

“ಹೋಗೋ, ಬೊಂಬೆಗಳೇ ವಾಸಿ. ನಿನ್ನಷ್ಟು ತಲೆ ತಿನ್ನಲ್ಲ.”

ಕೊನೆಯ ಕೋಣೆಯ ಗಾಜಿನ ಬೀರುವಿನಲ್ಲಿ ಒಂದು ವಸ್ತುವಿತ್ತು — ಮರದ ಹಿಡಿ, ಮೇಲೊಂದು ತಾಮ್ರದ ಡಬ್ಬಿ, ಡಬ್ಬಿಗೊಂದು ಪುಟ್ಟ ಸರಪಳಿ. ಕೆಳಗೆ ಚೀಟಿ: ‘ಗಿಲಕಿ. ಹಿಮಾಲಯ ಪ್ರದೇಶದ ಮಕ್ಕಳ ಆಟಿಕೆ.’

“ಅಕ್ಕಾ, ಇದು ಗಿಲಕಿ ಅಲ್ಲ” ಎಂದಳು ಡೋಲ್ಮಾ. “ನಮ್ಮಜ್ಜಿ ಹತ್ರಾನೂ ಇದೆ. ಪ್ರಾರ್ಥನೆ ಮಾಡ್ತಾ ತಿರುಗಿಸ್ತಾರೆ. ಒಳಗಡೆ ಮಂತ್ರ ಬರೆದಿರೋ ಕಾಗದ ಇರುತ್ತೆ.”

“ಆಧಾರ ಏನು?”

“ಅಜ್ಜಿ ಹೇಳಿದಾರೆ.”

“ಅಜ್ಜಿ ಹೇಳಿದ್ದೆಲ್ಲ ಆಧಾರ ಆಗಲ್ಲ ಕಣೇ. ಓದ್ಕೊಂಡಿರೋರು ಇಲ್ಲಿ ಬರೆದು ಅಂಟಿಸಿದಾರೆ, ನೋಡು.”

ಉಳಿದ ಮಕ್ಕಳು ನಕ್ಕರು. ಅವಳ ಮುಖ ಕೆಂಪಾಯಿತು. ಅಲ್ಲಿಗಾದರೂ ನಿಲ್ಲಿಸಬಹುದಿತ್ತು — ಆದರೆ ಎದುರಾಳಿ ತಡವರಿಸಿದಾಗ ಇನ್ನೊಂದು ಏಟು ಹಾಕಬೇಕೆಂದು ಕಲಿತವಳು ನಾನು. ಎದುರಾಳಿ! ನನ್ನ ಭುಜದವರೆಗೂ ಬಾರದ ಹುಡುಗಿ!

“ಬೀರುಗೆ ಬೀಗ ಇಲ್ಲ. ತೆಗೆದು ತೋರಿಸು, ನೋಡೇ ಬಿಡೋಣ.”

“ಮುಟ್ಟಬಾರದು ಅಂತ ಬೋರ್ಡಿದೆ ಅಕ್ಕಾ...”

“ನಾನಿದೀನಲ್ಲ.”

ಅವಳು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮೊದಲು ಹಣೆಗೆ ಒತ್ತಿಕೊಂಡಳು. ಮುಚ್ಚಳ ತಿರುವುವಷ್ಟರಲ್ಲಿ ಹುಳ ತಿಂದಿದ್ದ ಹಿಡಿ ಪಟ್ಟೆಂದು ಮುರಿಯಿತು. ಡಬ್ಬಿ ನೆಲಕ್ಕೆ ಬಿದ್ದು ಮುಚ್ಚಳ ಹಾರಿತು. ಒಳಗಿದ್ದ ಕಾಗದದ ಸುರುಳಿ ಬಿಚ್ಚಿಕೊಳ್ಳುತ್ತ ನನ್ನ ಕಾಲ ಬಳಿ ಬಂದು ನಿಂತಿತು. ತುಂಬ ಸಣ್ಣ ಅಕ್ಷರಗಳು, ಸಾಲು ಸಾಲು. ನಾನು ಕೇಳಿದ ಆಧಾರ.

ಬಂಗಲೆಯ ಯಜಮಾನರು ಓಡಿ ಬಂದರು. “ಯಾರ್ರೀ ಇವಳಿಗೆ ಮುಟ್ಟು ಅಂದಿದ್ದು?”

“ಯಾರೂ ಹೇಳಲಿಲ್ಲ ಸಾರ್. ಇವಳೇ ತೆಗೆದಳು.”

ಒಂದು ಕ್ಷಣವೂ ಯೋಚಿಸಲಿಲ್ಲ — ಅಷ್ಟು ಸಲೀಸಾಗಿ ಬಂತು. ಕೋಣೆಯಲ್ಲಿ ಹದಿಮೂರು ಸಾಕ್ಷಿಗಳಿದ್ದರು. ಒಬ್ಬರನ್ನೂ ಯಾರೂ ಕೇಳಲಿಲ್ಲ. ಯಾಕೆ ಕೇಳಬೇಕು? ನಾನು ಗುಬ್ಬಿಯವಳು, ಒಳ್ಳೆಯ ಕನ್ನಡದವಳು. ಅವರು ಬ್ಯಾನರಿನ ಮೊದಲ ಪದ.

“ಇರೋಕೆ ಜಾಗ ಕೊಟ್ರೆ ಹಿಂಗಾ ಮಾಡೋದು?” ಎಂದರು ಯಜಮಾನರು. ಈ ರಾಜ್ಯದಲ್ಲೇ ಹುಟ್ಟಿದ ಮಗುವಿಗೆ ಜಾಗ ಕೊಡಲು ಇವರು ಯಾರು? ಈ ಪ್ರಶ್ನೆ ಈಗ ಚೆನ್ನಾಗಿ ಹೊಳೆಯುತ್ತದೆ. ಆಗ ನನಗೆ ಬೇಕಿದ್ದದ್ದು ಒಂದೇ — ನನ್ನ ಹೆಸರು ಬರಬಾರದು.

ಪೊಲೀಸರನ್ನು ಕರೆಯುವುದಿಲ್ಲ, ತಪ್ಪೊಪ್ಪಿಗೆ ಬರೆದುಕೊಡಿ ಎಂದರು. ನಾನೇ ಬರೆದೆ. ‘ಯಾರೂ ಹೇಳದೆ, ನನ್ನ ಸ್ವಂತ ಬುದ್ಧಿಯಿಂದ ಮುಟ್ಟಿ ಮುರಿದಿರುತ್ತೇನೆ.’ ಡೋಲ್ಮಾ ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದಳು. ಆ ಕನ್ನಡ ಓದಲು ಕಲಿಸಿದ್ದೂ ನಾನೇ.

“ಅಕ್ಕಾ, ‘ಯಾರೂ ಹೇಳದೆ’ ಅಂತ ಬರೀಲೇಬೇಕಾ?”

“ಬರೀಬೇಕು. ಇಂಥ ಪತ್ರ ಹಾಗೇ ಇರುತ್ತೆ.”

ಸಹಿ ಹಾಕಿದಳು. ವಾಪಸ್ ಬರುವಾಗ ಬಸ್ಸಿನಲ್ಲಿ ಚಿತ್ರಾನ್ನದ ಪೊಟ್ಟಣ ಬಿಚ್ಚಲಿಲ್ಲ.

“ಒಂದು ಕಂಪ್ಲೇಂಟ್ ಹೋದ್ರೆ ಸಾಕಮ್ಮ, ಹಾಸ್ಟೆಲ್ಲೇ ಮುಚ್ಚಿಸ್ತಾರೆ” ಎಂದ ವಾರ್ಡನ್ ಅದೇ ವಾರ ಅವಳನ್ನು ಕ್ಯಾಂಪಿಗೆ ಕಳಿಸಿದರು. ಓದು ಅಲ್ಲಿಗೇ ನಿಂತಿತಂತೆ. ಚಳಿಗಾಲದಲ್ಲಿ ಅಮ್ಮನ ಜೊತೆ ಊರೂರಿನಲ್ಲಿ ಸ್ವೆಟರ್ ಮಾರುತ್ತಾಳಂತೆ. ಮಹೇಶ ಹೇಳಿದ್ದು. ಅವನಿಗೆ ಇವತ್ತಿಗೂ ಅವಳೇ ತಪ್ಪಿತಸ್ಥೆ. ಮರು ತಿಂಗಳು ನಾನು ನಿರಾಶ್ರಿತರ ಪರವಾಗಿ ಮಾತಾಡಿ ಮೊದಲ ಬಹುಮಾನ ತಂದೆ. ಚಪ್ಪಾಳೆ ಜೋರಾಗಿತ್ತು.

ಹೋದ ತಿಂಗಳು ಕುಣಿಗಲ್ಲಿಗೆ ಹೋಗಿದ್ದೆ. ಬೀರುವಿನಲ್ಲಿ ಹೊಸ ಚೀಟಿ: ‘ಪ್ರಾರ್ಥನಾ ಚಕ್ರ. ಟಿಬೆಟ್. ಒಳಗೆ ಮಂತ್ರದ ಸುರುಳಿ ಇದೆ.’ ಅವಳು ಹೇಳಿದ್ದನ್ನು ಇಟ್ಟುಕೊಂಡರು, ಅವಳನ್ನು ಓಡಿಸಿದರು. ಕೇಳಿದ್ದಕ್ಕೆ ಹಳೇ ಫೈಲು ತೆಗೆದು ತೋರಿಸಿದರು; ಅದರಲ್ಲಿ ಆ ಪತ್ರವೂ ಭದ್ರವಾಗಿದೆ. ನನ್ನ ಅಕ್ಷರ — ಎಷ್ಟು ದುಂಡಗಿದೆ!

ಅದರ ಪಕ್ಕಕ್ಕೆ ಇಡಲು ಇನ್ನೊಂದು ಪತ್ರ ಬರೆದಿದ್ದೇನೆ. ‘ನಾನು ಹೇಳಿದ್ದಕ್ಕೆ ಅವಳು ಮುಟ್ಟಿದಳು. ಅವಳ ಮಾತು ನಿಜವಾಗಿತ್ತು, ನನ್ನದು ಸುಳ್ಳು.’ ಸಹಿ ನನ್ನದು. ಮಹೇಶನಿಗೆ, ವಾರ್ಡನ್‌ಗೆ ಒಂದೊಂದು ಪ್ರತಿ. ಆದರೆ ಮೊದಲು ಕ್ಯಾಂಪಿಗೆ ಹೋಗಿ ಡೋಲ್ಮಾಳ ಎದುರು ನಿಂತು ಅದನ್ನು ಓದಬೇಕು. ಅವಳಿಗೀಗ ಇಪ್ಪತ್ತು. ಹೊರಗೆ ಹೋಗು ಎನ್ನಬಹುದು. ಇನ್ನೂ ಕೆಟ್ಟದ್ದನ್ನು ಹೇಳಬಹುದು. ಏನೇ ಹೇಳಲಿ — ಆಧಾರ ಕೇಳುವುದಿಲ್ಲ.